ದಣಿವಿಗೆ ಖಾತೆಯಿಲ್ಲ

2025ರ ಡಿಸೆಂಬರ್ ಮೊದಲ ವಾರದಲ್ಲಿ ಹುಬ್ಬಳ್ಳಿಯ ಒಂದು ಆರತಕ್ಷತೆಯಲ್ಲಿ ವಧೂವರರು ಕೂರಬೇಕಾದ ಆಸನಗಳಲ್ಲಿ ವಧುವಿನ ತಂದೆತಾಯಿ ಕುಳಿತಿದ್ದರು. ಭುವನೇಶ್ವರದಿಂದ ಬರಬೇಕಿದ್ದ ನವದಂಪತಿಯ ವಿಮಾನ ರದ್ದಾಗಿತ್ತು. ಅವರು ಅಲ್ಲಿಂದಲೇ ಪರದೆಯ ಮೇಲೆ ಕಾಣಿಸಿಕೊಂಡರು. ಬಂಧುಗಳು ಪರದೆಗೇ ಶುಭ ಹಾರೈಸಿ ಊಟಕ್ಕೆ ಎದ್ದರು. ಪತ್ರಿಕೆಗಳಿಗೆ ಅದು ಸೋಜಿಗದ ಸುದ್ದಿಯಾಯಿತು. ಅದೇ ಡಿಸೆಂಬರ್ 3ರಿಂದ 5ರವರೆಗಿನ ಮೂರು ದಿನಗಳಲ್ಲಿ ಇಂಡಿಗೋ ಸಂಸ್ಥೆಯ 2,507 ವಿಮಾನಗಳು ರದ್ದಾದವು, 1,852 ವಿಮಾನಗಳು ತಡವಾದವು, ಮೂರು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ನಿಲ್ದಾಣಗಳಲ್ಲಿ ಸಿಲುಕಿದರು ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಲೆಕ್ಕ.

ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಊರೆಂಬುದು ಈಗ ವಿಮಾನದ ವೇಳಾಪಟ್ಟಿಗೆ ಅಂಟಿಕೊಂಡ ವಸ್ತು. ಮದುವೆಗೂ ಹೋಗಬೇಕು, ಸಾವಿಗೂ ಹೋಗಬೇಕು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಲೂ ಹೋಗಬೇಕು. ಆದುದರಿಂದ ಆ ವಾರದ ಸಿಟ್ಟು ಸಹಜವಾದುದು. ಆದರೆ ಸಿಟ್ಟು ತಿರುಗಿದ ದಿಕ್ಕು ಮಾತ್ರ ವಿಚಾರಕ್ಕೆ ಅರ್ಹವಾಗಿದೆ. 'ಪೈಲಟ್‌ಗಳಿಗೆ ಲಕ್ಷಗಟ್ಟಲೆ ಸಂಬಳ ಸಾಲದೆ ಈಗ ವಿಶ್ರಾಂತಿಯೂ ಬೇಕಂತೆ' ಎಂಬ ಮಾತು ನಿಲ್ದಾಣದ ಸಾಲುಗಳಲ್ಲಿ ಮಾತ್ರವಲ್ಲ, ಓದುಬರಹ ಬಲ್ಲವರ ಮನೆಗಳಲ್ಲೂ ಕೇಳಿಬಂತು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲನೆಯದಾಗಿ, ಆ ವಾರ ಪೈಲಟ್‌ಗಳು ಮುಷ್ಕರ ಹೂಡಿರಲಿಲ್ಲ. ಪೈಲಟ್‌ಗಳ ದುಡಿಮೆಯ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಗಳನ್ನು ಡಿಜಿಸಿಎ ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ನಿರಂತರ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿಯೆಂದರೆ ನಡುರಾತ್ರಿಯಿಂದ ಬೆಳಗಿನ 5ರವರೆಗೆ ಎಂದಿದ್ದುದು 6ರವರೆಗೆ ಎಂದಾಯಿತು. ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸುವ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಇವು 2024ರ ಜೂನ್ 1ರಂದೇ ಜಾರಿಯಾಗಬೇಕಿತ್ತು. ಸಂಸ್ಥೆಗಳ ಒತ್ತಾಯದ ನಡುವೆ ಆ ದಿನ ಮುಂದಕ್ಕೆ ಹೋಯಿತು. ಪೈಲಟ್‌ಗಳ ಸಂಘಟನೆಗಳು ಬೀದಿಗಿಳಿಯದೆ ದೆಹಲಿ ಹೈಕೋರ್ಟಿನಲ್ಲಿ ವಾದಿಸಿದವು. ಅದರ ಫಲವಾಗಿ 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಹಂತಗಳು ನಿಗದಿಯಾದವು. ಎಂದರೆ, ನಿಯಮ ಪ್ರಕಟವಾದ ದಿನದಿಂದ ಎರಡನೆಯ ಹಂತದವರೆಗೆ ಸುಮಾರು ಇಪ್ಪತ್ತೆರಡು ತಿಂಗಳ ಕಾಲಾವಕಾಶವಿತ್ತು. ಅಷ್ಟರಲ್ಲಿ ಬೇಕಾದಷ್ಟು ಮಂದಿಯನ್ನು ಸೇರಿಸಿಕೊಳ್ಳಬಹುದಿತ್ತು, ಇಲ್ಲವೇ ಇದ್ದ ಮಂದಿಗೆ ತಕ್ಕಂತೆ ವಿಮಾನಗಳ ಸಂಖ್ಯೆಯನ್ನು ತಗ್ಗಿಸಬಹುದಿತ್ತು. ಎರಡೂ ಸಾಲುವಷ್ಟು ಆಗಲಿಲ್ಲ.

ಮುಂದೆ ನಡೆದುದು ಇನ್ನೂ ವಿಚಿತ್ರ. ಡಿಸೆಂಬರ್ 5ರಂದು, ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಸೂಚನೆಯನ್ನು ಡಿಜಿಸಿಎ ಹಿಂತೆಗೆದುಕೊಂಡಿತು. ರಾತ್ರಿ ಪಾಳಿಯ ಮಿತಿಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ದೊರೆಯಿತು. ಸಿದ್ಧತೆ ಮಾಡಿಕೊಳ್ಳದಿದ್ದುದು ಆಡಳಿತ ಮಂಡಳಿ. ನಿದ್ದೆ ಬಿಟ್ಟುಕೊಟ್ಟವರು ಪೈಲಟ್‌ಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಸಿಲುಕಿದ ಲಕ್ಷಾಂತರ ಪ್ರಯಾಣಿಕರನ್ನು ಮನೆ ಮುಟ್ಟಿಸಲು ಸರ್ಕಾರಕ್ಕೆ ಆ ಹೊತ್ತಿನಲ್ಲಿ ಬೇರೆ ದಾರಿ ಕಾಣಲಿಲ್ಲವೆನ್ನಬಹುದು. ದೇಶದ ಒಳಗಿನ ವಿಮಾನ ಪ್ರಯಾಣದ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ಸಂಸ್ಥೆಯ ಕೈಯಲ್ಲಿರುವಾಗ ಆ ಸಂಸ್ಥೆ ಎಡವಿದರೆ ನಿಯಮವೇ ಬಾಗಬೇಕಾಗುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಅಗ್ಗದ ದರದ ವಿಮಾನಯಾನದ ಆಯವ್ಯಯವನ್ನು ಒಮ್ಮೆ ಬಿಡಿಸಿ ನೋಡಿದರೆ ಈ ಜಗಳದ ಬೇರು ಕಾಣುತ್ತದೆ. ಇಂಧನದ ಬೆಲೆ ಸಂಸ್ಥೆಯ ಹಿಡಿತದಲ್ಲಿಲ್ಲ. ವಿಮಾನಗಳ ಬಾಡಿಗೆಯನ್ನು ಡಾಲರಿನಲ್ಲಿ ಕೊಡಬೇಕು. ರೂಪಾಯಿ ಕುಸಿದರೆ ಅದೂ ಏರುತ್ತದೆ. ನಿಲ್ದಾಣದ ಶುಲ್ಕವನ್ನು ಬೇರೆಯವರು ನಿಗದಿ ಮಾಡುತ್ತಾರೆ. ಪೈಪೋಟಿಯಿಂದಾಗಿ ಟಿಕೆಟಿನ ಬೆಲೆಯನ್ನು ಮನಬಂದಂತೆ ಏರಿಸಲಾಗದು. ಉಳಿಯುವುದು ಎರಡೇ ದಾರಿ: ವಿಮಾನವನ್ನು ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲಿಸದೆ ದಿನಕ್ಕೆ ಹೆಚ್ಚು ಸುತ್ತು ಹಾರಿಸುವುದು, ಮತ್ತು ಕಡಿಮೆ ಮಂದಿಯಿಂದ ಹೆಚ್ಚು ದುಡಿಸುವುದು. ಮೊದಲನೆಯದು ಜಾಣತನ, ಮಧ್ಯಮ ವರ್ಗವನ್ನು ವಿಮಾನ ಹತ್ತಿಸಿದ್ದೇ ಆ ಜಾಣತನ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರು ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದಾಗ ಹುಬ್ಬಳ್ಳಿಯಂಥ ಊರುಗಳ ಜನ ಮೊದಲ ಬಾರಿ ಆಕಾಶ ಕಂಡದ್ದು ಅದರಿಂದಲೇ. ಎರಡನೆಯದಕ್ಕೆ ಮಾತ್ರ ಒಂದು ಎಲ್ಲೆಯಿದೆ. ಆ ಎಲ್ಲೆಯನ್ನು ಮನುಷ್ಯನ ದೇಹ ಗೊತ್ತುಮಾಡುತ್ತದೆ, ಆಡಳಿತ ಮಂಡಳಿಯಲ್ಲ.

ಇಲ್ಲಿ ಲೆಕ್ಕಪತ್ರದ ಒಂದು ಸಂಗತಿ ಗಮನಾರ್ಹ. ಬಾಡಿಗೆಗೆ ತಂದ ವಿಮಾನದ ಎಂಜಿನ್ ಹಾರಿದ ಪ್ರತಿ ಗಂಟೆಗೂ ಇಷ್ಟು ಎಂದು ದುರಸ್ತಿಯ ನಿಧಿಗೆ ಹಣ ತೆಗೆದಿಡುವ ಕ್ರಮ ಬಾಡಿಗೆ ಕರಾರುಗಳಲ್ಲಿ ರೂಢಿಯಲ್ಲಿದೆ. ಯಂತ್ರ ಸವೆಯುತ್ತದೆ, ಆ ಸವಕಳಿ ಇಂದಿನ ಖರ್ಚೇ ಹೊರತು ನಾಳೆಯದಲ್ಲ ಎಂಬ ತಿಳಿವಳಿಕೆ ಅಲ್ಲಿದೆ. ಆ ಯಂತ್ರವನ್ನು ನಡೆಸುವವನ ಸವಕಳಿಗೆ ಇಂತಹ ಖಾತೆಯಿಲ್ಲ. ರೋಸ್ಟರಿನಲ್ಲಿ ಹತ್ತು ಮಂದಿ ಬೇಕಾದಲ್ಲಿ ಒಂಬತ್ತು ಮಂದಿಯನ್ನಿಟ್ಟರೆ ಒಬ್ಬನ ಸಂಬಳ ಉಳಿತಾಯವೆಂದು ಲಾಭದ ಕಡೆ ಸೇರುತ್ತದೆ. ಒಂಬತ್ತು ಮಂದಿಯ ಮೈಯಲ್ಲಿ ಸೇರಿಕೊಂಡ ದಣಿವು ಯಾವ ಪುಟದಲ್ಲೂ ಸಾಲವೆಂದು ನಮೂದಾಗುವುದಿಲ್ಲ. ನಮೂದಿಸದ ಸಾಲವೂ ಸಾಲವೇ. ಅದರ ವಸೂಲಿಗೆ ಬರುವ ದಿನ ಮಾತ್ರ ಮುಂಚಿತವಾಗಿ ತಿಳಿಯುವುದಿಲ್ಲ.

ಕರಾವಳಿಯ ಮನೆಗಳಿಗೆ ಆ ದಿನ 2010ರ ಮೇ 22ರಂದು ಬಂದಿತ್ತು. ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಂದರಕ್ಕೆ ಉರುಳಿ 158 ಮಂದಿ ಮಡಿದರು. ಬದುಕುಳಿದವರು ಎಂಟೇ ಮಂದಿ. ತನಿಖಾ ವರದಿಯ ಪ್ರಕಾರ ಮುಖ್ಯ ಕಾರಣ, ಸಹ ಪೈಲಟ್ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಯುವ ಯತ್ನವನ್ನು ಕೈಬಿಡದಿದ್ದುದು. ಅದರ ಜೊತೆಗೆ ವರದಿ ಇನ್ನೊಂದು ಮಾತನ್ನೂ ದಾಖಲಿಸಿತು: ಕ್ಯಾಪ್ಟನ್ ಹಾದಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಹೋಗಿದ್ದರು, ಎದ್ದ ಮೇಲಿನ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದು. ಆ ದುರಂತದ ಹೊಣೆಯನ್ನು ರೋಸ್ಟರ್ ಒಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೆ ಸಾವಿರಾರು ಗಂಟೆಗಳ ಅನುಭವವುಳ್ಳವನ ಬುದ್ಧಿಯನ್ನೂ ಬೆಳಗಿನ ಜಾವದ ಹೊತ್ತು ಏನು ಮಾಡಬಲ್ಲದು ಎಂಬುದಕ್ಕೆ ಅದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ. ರಾತ್ರಿಯ ಇಳಿತವನ್ನು ಎರಡಕ್ಕೆ ಮಿತಗೊಳಿಸುವ ನಿಯಮ ಪೈಲಟ್‌ಗಳಿಗೆ ಕೊಟ್ಟ ಸವಲತ್ತಲ್ಲ. ಹಿಂದಿನ ಸಾಲುಗಳಲ್ಲಿ ಕಣ್ಣು ಮುಚ್ಚಿ ಕುಳಿತ ಪ್ರಯಾಣಿಕರಿಗೆ ಕೊಟ್ಟ ಮಾತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ಪೈಲಟ್‌ಗಳೆಲ್ಲ ನಿರ್ದೋಷಿಗಳೆಂದು ಯಾರೂ ಹೇಳಲಾರರು. 2023ರಲ್ಲಿ ಆಕಾಸ ಏರ್ ಸಂಸ್ಥೆಯಿಂದ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರನಡೆದಾಗ ನೂರಾರು ಹಾರಾಟಗಳು ರದ್ದಾದವು. ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು. ರಾಜೀನಾಮೆಗೆ ಮುನ್ನ ಕ್ಯಾಪ್ಟನ್ ಒಂದು ವರ್ಷದ, ಸಹ ಪೈಲಟ್ ಆರು ತಿಂಗಳ ನೋಟಿಸ್ ಕೊಡಬೇಕೆಂಬುದು 2017ರ ನಿಯಮ. ಒಂದು ವರ್ಷವೆಂಬುದು ಅತಿಯಾಯಿತೆಂಬ ಪೈಲಟ್‌ಗಳ ದೂರಿನಲ್ಲಿ ಹುರುಳಿದೆ; ಬೇರೆ ಯಾವ ವೃತ್ತಿಯಲ್ಲೂ ಇಂತಹ ಕಟ್ಟು ಸುಲಭವಾಗಿ ಸಿಗದು. ಆದರೂ ಸಹಿ ಹಾಕಿದ ಕರಾರನ್ನು ರಾತ್ರೋರಾತ್ರಿ ಮುರಿದರೆ ಅದರ ಪೆಟ್ಟು ಬೀಳುವುದು ಪ್ರಯಾಣಿಕನ ಮೇಲೆ. ಕಾಯಿಲೆಯ ನೆವ ಹೇಳಿ ಒಟ್ಟಾಗಿ ರಜೆ ಹಾಕುವ ಪದ್ಧತಿಯೂ ಒಪ್ಪತಕ್ಕದ್ದಲ್ಲ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಗಗನಸಖಿಯರೂ ಸಹಾಯಕ ಸಿಬ್ಬಂದಿಯೂ ಹಾಗೆ ಮಾಡಿದಾಗ ಸಂಸ್ಥೆ 25 ಮಂದಿಯನ್ನು ವಜಾ ಮಾಡಿತು. ಮರುದಿನವೇ ಕಾರ್ಮಿಕ ಆಯುಕ್ತರ ಮುಂದೆ ಸಂಧಾನವಾಗಿ ಅವರೆಲ್ಲ ಮರಳಿದರು. ಒಂದು ದಿನದ ಮಾತುಕತೆಯಿಂದ ಬಗೆಹರಿಯುವ ವಿಚಾರಕ್ಕಾಗಿ ಅಷ್ಟು ಜನ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕಾಗಿತ್ತೇ?

ಕರಾರಿನ ಪಾವಿತ್ರ್ಯವನ್ನು ನೌಕರನಿಗೆ ಬೋಧಿಸುವ ಮುನ್ನ ಮಾಲೀಕರ ಚರಿತ್ರೆಯನ್ನೂ ಓದಬೇಕಾಗುತ್ತದೆ. ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆ 2012ರ ಅಕ್ಟೋಬರಿನಲ್ಲಿ ನೆಲಕಚ್ಚಿದಾಗ ಅದರ ನೌಕರರು ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಸಲ್ಲಿಸಿ ಹಾರಾಟ ನಿಲ್ಲಿಸಿತು. 2025ರ ಜನವರಿಯಲ್ಲಿ ಅದರ ಆಸ್ತಿ ವಿಲೇವಾರಿಗೆ ಆದೇಶವಾಯಿತು. ದಿವಾಳಿ ಸಂಹಿತೆಯ 53ನೆಯ ಕಲಮಿನಂತೆ ಕಾರ್ಮಿಕರ 24 ತಿಂಗಳ ಬಾಕಿ, ಆಸ್ತಿಯ ಭದ್ರತೆಯುಳ್ಳ ಸಾಲಗಾರರ ಸಾಲಿನಲ್ಲೇ ನಿಲ್ಲುತ್ತದೆ. ಇತರ ನೌಕರರ 12 ತಿಂಗಳ ಬಾಕಿ ಅದರ ಹಿಂದೆ ನಿಲ್ಲುತ್ತದೆ. ವಿಮಾನಗಳೇ ಬಾಡಿಗೆಯವಾದ ಸಂಸ್ಥೆಯಲ್ಲಿ ಮಾರಲು ಉಳಿಯುವುದೇ ಅಲ್ಪ. ಒಂದು ವರ್ಷದ ನೋಟಿಸ್ ಕೊಡಬೇಕಾದವನಿಗೆ ಒಂದು ತಿಂಗಳ ಸಂಬಳದ ಭರವಸೆಯೂ ಇಲ್ಲವೆಂದರೆ ಆ ಕರಾರಿನ ತಕ್ಕಡಿ ಸಮನಾಗಿದೆ ಎನ್ನಲಾಗದು.

ಹೊಸ ಕಾನೂನೂ ಈ ತಕ್ಕಡಿಯನ್ನು ನೇರಗೊಳಿಸಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಮುಷ್ಕರಕ್ಕೆ 14 ದಿನಗಳ ನೋಟಿಸ್ ಬೇಕು. ಅರ್ಧದಷ್ಟು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಪ್ರಯಾಣಿಕನ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ಕಾರ್ಮಿಕರ ವ್ಯಾಖ್ಯೆಗೆ ಸೇರುವುದಿಲ್ಲ. ವಿಮಾನದ ಕ್ಯಾಪ್ಟನ್ ಕಾರ್ಮಿಕನೋ ಮೇಲ್ವಿಚಾರಕನೋ ಎಂಬ ತರ್ಕಕ್ಕೆ ಆಸ್ಪದ ಉಳಿದೇ ಇದೆ. ಬಾಯಿ ಕಟ್ಟುವಾಗ ಕಾರ್ಮಿಕ, ಹಕ್ಕು ಕೇಳುವಾಗ ಅಧಿಕಾರಿ ಎಂಬ ಸ್ಥಿತಿ ಯಾವ ಕೈಗಾರಿಕೆಗೂ ಶಾಂತಿ ತರಲಾರದು.

ಬೇರೆ ದಾರಿಯಿಲ್ಲವೇ? ಯುರೋಪಿನ ಅಗ್ಗದ ದರದ ದೊಡ್ಡ ಸಂಸ್ಥೆಯಾದ ಐರ್ಲೆಂಡಿನ ರಯಾನ್ಏರ್ ಈ ಹಾದಿಯನ್ನು ಮೊದಲೇ ತುಳಿದಿದೆ. 2017ರ ಸೆಪ್ಟೆಂಬರಿನಲ್ಲಿ ಪೈಲಟ್‌ಗಳ ರಜೆಯ ಲೆಕ್ಕ ತಪ್ಪಿ ಅದು ಸಾವಿರಾರು ಹಾರಾಟಗಳನ್ನು ರದ್ದುಮಾಡಿತು. ಸ್ಥಾಪನೆಯಾದಂದಿನಿಂದ ಕಾರ್ಮಿಕ ಸಂಘಗಳ ಜೊತೆ ವ್ಯವಹರಿಸಲು ಒಲ್ಲದಿದ್ದ ಆ ಸಂಸ್ಥೆ ಕ್ರಿಸ್‌ಮಸ್ ಮುಷ್ಕರದ ಬೆದರಿಕೆ ಎದುರಾದಾಗ ಡಿಸೆಂಬರಿನಲ್ಲಿ ಪೈಲಟ್‌ಗಳ ಸಂಘಗಳಿಗೆ ಮನ್ನಣೆ ನೀಡಿತು. ಮರುವರ್ಷ ಮುಷ್ಕರಗಳೂ ನಡೆದವು, ಒಪ್ಪಂದಗಳೂ ಆದವು. ಸಂಸ್ಥೆ ಮುಳುಗಲಿಲ್ಲ, ಅಗ್ಗದ ಟಿಕೆಟೂ ಮಾಯವಾಗಲಿಲ್ಲ.

ಭಾರತದಲ್ಲಿ ಆಗಬೇಕಾದುದು ಕಷ್ಟಸಾಧ್ಯವೇನಲ್ಲ. ಷೇರುಪೇಟೆಯಲ್ಲಿರುವ ವಿಮಾನ ಸಂಸ್ಥೆ ಪ್ರತಿ ತ್ರೈಮಾಸಿಕದ ಲೆಕ್ಕದೊಂದಿಗೆ ತನ್ನ ವೇಳಾಪಟ್ಟಿಗೆ ಎಷ್ಟು ಪೈಲಟ್‌ಗಳು ಬೇಕು, ಎಷ್ಟು ಮಂದಿ ಇದ್ದಾರೆ ಎಂಬುದನ್ನು ಪ್ರಕಟಿಸಲಿ. ಅಷ್ಟು ಮಂದಿ ಇಲ್ಲದ ಸಂಸ್ಥೆಗೆ ಹೊಸ ಹಾರಾಟದ ಅನುಮತಿ ಸಿಗದಿರಲಿ. ಲೆಕ್ಕಪತ್ರಗಳಿಗೆ ಸ್ವತಂತ್ರ ಪರಿಶೋಧನೆ ಇರುವಂತೆ ರೋಸ್ಟರುಗಳಿಗೂ ಇರಲಿ. ದಣಿದಿದ್ದೇನೆಂದು ವರದಿ ಮಾಡಿದ ಪೈಲಟ್‌ಗೆ ಶಿಕ್ಷೆಯಾಗದಂತೆ ರಕ್ಷಣೆ ದೊರೆಯಲಿ. ನೋಟಿಸ್ ಅವಧಿಯನ್ನು ತಗ್ಗಿಸಿ, ಅದರ ಜೊತೆಗೆ ಅಷ್ಟೇ ಅವಧಿಯ ಸಂಬಳವನ್ನು ಸಂಸ್ಥೆ ಪ್ರತ್ಯೇಕ ಖಾತೆಯಲ್ಲಿ ಇರಿಸುವಂತಾಗಲಿ. ವಿಶ್ರಾಂತಿ ನಿಯಮಕ್ಕೆ ವಿನಾಯಿತಿ ಕೊಡಲೇಬೇಕಾದರೆ ಕಾರಣ, ಅವಧಿ, ತೆರಬೇಕಾದ ದಂಡ ಮೂರನ್ನೂ ಅದೇ ಆದೇಶದಲ್ಲಿ ಬರೆಯಲಿ.

ದಂಡದ ಮಾತಿಗೆ ಒಂದು ಸಣ್ಣ ಲೆಕ್ಕ. ಡಿಸೆಂಬರಿನ ಅವಾಂತರಕ್ಕೆ ಕಾರ್ಯಾಚರಣೆಯನ್ನು ಮಿತಿಮೀರಿ ಬಿಗಿಗೊಳಿಸಿದ್ದು ಮತ್ತು ನಿಯಮಕ್ಕೆ ಸಿದ್ಧವಾಗದಿದ್ದುದು ಕಾರಣವೆಂದು ಡಿಜಿಸಿಎ ಸಮಿತಿಯೇ ಕಂಡುಕೊಂಡಿತು. 2026ರ ಜನವರಿಯಲ್ಲಿ 22.20 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. 2024-25ರಲ್ಲಿ ಸಂಸ್ಥೆಯ ನಿವ್ವಳ ಲಾಭ ಸುಮಾರು 7,258 ಕೋಟಿ. ಎಂದರೆ ನೂರು ರೂಪಾಯಿ ಲಾಭಕ್ಕೆ ಸುಮಾರು ಮೂವತ್ತು ಪೈಸೆ. ಮಂದಿಯನ್ನು ಸೇರಿಸಿಕೊಳ್ಳುವುದಕ್ಕಿಂತ ದಂಡ ತೆರುವುದೇ ಅಗ್ಗವೆಂದು ಯಾವುದಾದರೂ ಆಡಳಿತ ಮಂಡಳಿಗೆ ತೋರಿದರೆ ಆಶ್ಚರ್ಯವಿಲ್ಲ.

ಕೊನೆಗೆ ಪ್ರಯಾಣಿಕನ ಪಾಲೂ ಇದೆ. ಇನ್ನೂರು ರೂಪಾಯಿ ಉಳಿಸಲು ನಡುರಾತ್ರಿಯ ವಿಮಾನ ಹುಡುಕುವವರು, ಆ ಇನ್ನೂರು ರೂಪಾಯಿ ಯಾರ ನಿದ್ದೆಯಿಂದ ಬಂತೆಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು. ಬಸ್ಸಿನ ಚಾಲಕ ತೂಕಡಿಸಿದರೆ ಮುಂದಿನ ಸೀಟಿನ ಹಿರಿಯರು 'ಇಳಿದು ಮುಖ ತೊಳೆದುಕೋ ಮಾರಾಯ, ಚಹಾ ಕುಡಿದು ಹೋಗೋಣ' ಎನ್ನುತ್ತಾರೆ. ತಡವಾಯಿತೆಂದು ಯಾರೂ ಜಗಳವಾಡುವುದಿಲ್ಲ. ವಿಮಾನದಲ್ಲಿ ಚಾಲಕನ ಬಾಗಿಲು ಮುಚ್ಚಿರುತ್ತದೆ. ಅವನ ಕಣ್ಣು ಕಾಣದಿರುವುದರಿಂದಲೇ ಅವನ ವಿಶ್ರಾಂತಿಯನ್ನು ಕಾನೂನು ಕಾಯಬೇಕು, ಆ ಕಾನೂನನ್ನು ಪ್ರಯಾಣಿಕರು ಕಾಯಬೇಕು.