ವಿರಾಟ್ ಹಡಗಿನ ಸವಕಳಿ ಲೆಕ್ಕ

ಯಂತ್ರವೊಂದು ಇನ್ನೂ ಓಡುತ್ತಿದೆ ಎಂಬ ಕಾರಣಕ್ಕೇ ಅದರ ಬದಲಿಯ ಚಿಂತೆಯನ್ನು ಮುಂದೂಡುವುದು ನಮ್ಮ ಸಣ್ಣ ಉದ್ದಿಮೆಗಳಲ್ಲಿ ಸಾಮಾನ್ಯ. ಇದಕ್ಕೆ ತೆರಬೇಕಾಗುವ ಬೆಲೆ ಎಂತಹುದೆಂಬುದನ್ನು ನೌಕಾಪಡೆಯ ವಿಮಾನವಾಹಕ ಹಡಗು 'ವಿರಾಟ್'ನ ಚರಿತ್ರೆ ತೋರಿಸುತ್ತದೆ.

1959ರಲ್ಲಿ 'ಹರ್ಮಿಸ್' ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಪಡೆಯನ್ನು ಸೇರಿದ ಈ ಹಡಗು, 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ದುಡಿದು, 1987ರಲ್ಲಿ ನಮ್ಮದಾಯಿತು. ಹಳೆಯ ವಿಕ್ರಾಂತ್ 1997ರಲ್ಲಿ ನಿವೃತ್ತವಾದ ಮೇಲೆ 2013ರವರೆಗೆ ದೇಶಕ್ಕಿದ್ದ ಏಕೈಕ ವಿಮಾನವಾಹಕ ಇದೇ. 1999ರಿಂದ 2001ರವರೆಗೆ ಇದು ದೀರ್ಘ ದುರಸ್ತಿಯಲ್ಲಿದ್ದಾಗ ಕಾರ್ಯಕ್ಕೊದಗುವ ಮತ್ತೊಂದು ಹಡಗೇ ಇರಲಿಲ್ಲ.

ಇಂದು ಕಾರವಾರವನ್ನು ನೆಲೆಯಾಗಿ ಹೊಂದಿರುವ, ರಷ್ಯಾದಿಂದ ಪಡೆದ 'ವಿಕ್ರಮಾದಿತ್ಯ'ದ ನವೀಕರಣಕ್ಕೆ 2004ರಲ್ಲಿ ಒಪ್ಪಿದ ಮೊತ್ತ ಸುಮಾರು 97 ಕೋಟಿ ಡಾಲರು. 2010ರ ಹೊತ್ತಿಗೆ ಅದು 230 ಕೋಟಿ ಡಾಲರನ್ನು ದಾಟಿತು; 2008ಕ್ಕೆ ಬರಬೇಕಾದ ಹಡಗು ಕೈಸೇರಿದ್ದು 2013ರಲ್ಲಿ. ಬೇರೆ ದಾರಿಯಿಲ್ಲದ ಗಿರಾಕಿಗೆ ಚೌಕಾಸಿ ಮಾಡುವ ಶಕ್ತಿ ಉಳಿಯದೆಂಬುದನ್ನು ವರ್ತಕ ಬಾಂಧವರಿಗೆ ವಿವರಿಸಬೇಕಾಗಿಲ್ಲ.

2017ರ ಮಾರ್ಚ್ 6ರಂದು ವಿರಾಟ್ ನಿವೃತ್ತವಾಯಿತು. ವಸ್ತುಸಂಗ್ರಹಾಲಯವಾಗಿಸುವ ಪ್ರಸ್ತಾಪಗಳು ಕೈಗೂಡದೆ, 38.54 ಕೋಟಿ ರೂಪಾಯಿಗೆ ಗುಜರಿಗೆ ಮಾರಾಟವಾಗಿ, 2020ರಲ್ಲಿ ಗುಜರಾತಿನ ಅಲಂಗ್ ತೀರವನ್ನು ಸೇರಿತು.

ಗುಜರಿಯಿಂದ ಬರುವ ಹಣದಲ್ಲಿ ಹೊಸ ಯಂತ್ರ ಬರುವುದಿಲ್ಲ. ಆದುದರಿಂದ ಸವಕಳಿಯನ್ನು ತೆರಿಗೆಯ ಲೆಕ್ಕಕ್ಕಾಗಿ ಮಾತ್ರ ಬರೆಯದೆ, ಪ್ರತಿವರ್ಷ ಅಷ್ಟು ಮೊತ್ತವನ್ನು ಪ್ರತ್ಯೇಕ ನಿಧಿಯಾಗಿ ತೆಗೆದಿಡುವ ಪದ್ಧತಿಯನ್ನು ಸದಸ್ಯರು ರೂಢಿಸಿಕೊಳ್ಳಬೇಕು. ಹಳೆಯ ಯಂತ್ರ ಕೈಕೊಡುವ ಮುನ್ನವೇ ಹೊಸದಕ್ಕೆ ದರಪಟ್ಟಿ ತರಿಸಿದವರು ನಾಲ್ಕು ಕಡೆ ವಿಚಾರಿಸಿ ಕೊಳ್ಳಬಲ್ಲರು.