ಆಕಾಶ ಏರುವವರೇ, ಕರ ಕಟ್ಟಿ ಹೋಗಿ

2025ರ ಜೂನ್ 25ರಂದು ಹೆಸರುಕಾಳು ಆಕಾಶ ಏರಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ಕಳಿಸಿದ ಹೆಸರು, ಮೆಂತ್ಯದ ಕಾಳಿಗೆ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೀರುಣಿಸಿದರು. ಕಾಳು ಮೊಳೆಯಿತು. ಪತ್ರಿಕೆಗಳಲ್ಲಿ ಅದರ ಚಿತ್ರ ಬಂತು. ರೋಣ, ನರಗುಂದ, ಗಜೇಂದ್ರಗಡದ ಎರಿಹೊಲಗಳಲ್ಲಿ ಅದು ಹೆಸರಿಗೆ ಎಡೆ ಹೊಡೆಯುವ ಕಾಲ.

ನಮ್ಮ ಸೀಮೆಯ ಹೆಸರಿಗೆ ಇನ್ನೊಂದು ಮೊಳಕೆಯೂ ಗೊತ್ತು. ರೋಹಿಣಿ, ಮಿರಗದ ಮಳೆಗೆ ಬಿತ್ತಿದ್ದು ಆಗಸ್ಟ್‌ನಲ್ಲಿ ಕಾಯಿ ಕಪ್ಪಾಗಿ ರಾಶಿಗೆ ಬರುತ್ತದೆ. ಆಗ ಮಘಾ ಮಳೆ ಎಂಟು ದಿನ ಹಿಡಿದುಕೊಂಡರೆ ಕಾಳು ಗಿಡದ ಮೇಲೆ, ಕಾಯಿಯೊಳಗೇ ಮೊಳೆಯುತ್ತದೆ. ಆ ಮೊಳಕೆಯ ಚಿತ್ರ ತೆಗೆಯಲು ತಲಾಠಿ ಬರಬೇಕು, ವಿಮೆಯವರು ಬರಬೇಕು. ಅವರು ಬರುವಷ್ಟರಲ್ಲಿ ಹೊಲ ಹರಗಿ ಹಿಂಗಾರಿಗೆ ಹದ ಮಾಡುವ ಹೊತ್ತಾಗಿರುತ್ತದೆ. ಮೇಲೆ ಮೊಳೆತದ್ದು ಸುದ್ದಿಯಾಯಿತು, ಹೊಲದಲ್ಲಿ ಮೊಳೆತದ್ದು ಸಾಲವಾಗುತ್ತದೆ.

ಶುಕ್ಲಾ ಪ್ರವಾಸಿಯಲ್ಲ. ಅವರು ದೇಶದ ಕೆಲಸಕ್ಕೆ ಹೋದವರು, ಆ ಪ್ರಯೋಗ ನಮ್ಮದೇ ಹೆಮ್ಮೆ. ಆದರೆ ಅವರ ಯಾತ್ರೆಯನ್ನು ಏರ್ಪಡಿಸಿದ ಆಕ್ಸಿಯಮ್ ಎಂಬ ಅಮೆರಿಕದ ಕಂಪನಿ ಹಣವಂತರಿಗೂ ಆಕಾಶದ ಸೀಟು ಮಾರುತ್ತದೆ. 2022ರ ಏಪ್ರಿಲ್‌ನಲ್ಲಿ ಅದರ ಮೊದಲ ಯಾತ್ರೆಗೆ ಮೂವರು ಶ್ರೀಮಂತರು ತಲಾ ಸುಮಾರು 5.5 ಕೋಟಿ ಡಾಲರ್ ಕೊಟ್ಟು ಹೋಗಿಬಂದರು. ಈ ವ್ಯಾಪಾರಕ್ಕೆ ಕಾಲು ಶತಮಾನ ತುಂಬಿದೆ. 2001ರ ಏಪ್ರಿಲ್‌ನಲ್ಲಿ ಡೆನ್ನಿಸ್ ಟಿಟೊ ಎಂಬ ಅಮೆರಿಕದ ಧನಿಕ ರಷ್ಯದ ಸೋಯುಜ್ ನೌಕೆಯಲ್ಲಿ ಸುಮಾರು ಎರಡು ಕೋಟಿ ಡಾಲರ್ ಕೊಟ್ಟು ಹೋದ. 2021ರ ಜುಲೈಯಲ್ಲಿ ಒಂಬತ್ತು ದಿನಗಳ ಅಂತರದಲ್ಲಿ ರಿಚರ್ಡ್ ಬ್ರಾನ್ಸನ್, ಜೆಫ್ ಬೆಜೋಸ್ ತಮ್ಮ ತಮ್ಮ ಕಂಪನಿಗಳ ನೌಕೆಯಲ್ಲಿ ಹಾರಿದರು. ಬೆಜೋಸ್ ಹಾರಿ ಇಳಿದದ್ದು ಹತ್ತೇ ನಿಮಿಷ. ಇಳಿದವರು ಅಮೆಜಾನಿನ ನೌಕರರಿಗೆ, ಗಿರಾಕಿಗಳಿಗೆ ವಂದನೆ ಹೇಳಿದರು: ಇದಕ್ಕೆಲ್ಲ ದುಡ್ಡು ಕೊಟ್ಟವರು ನೀವೇ ಎಂದರು. ಲೋಕ ನಕ್ಕಿತು. ನಗುವ ಮಾತಲ್ಲ ಅದು. ಆ ವ್ಯಾಪಾರದ ಬಗ್ಗೆ ಯಾರಾದರೂ ಆಡಿದ ಅತ್ಯಂತ ಸತ್ಯವಾದ ಮಾತು ಅದೇ.

ದುಡ್ಡು ಕೊಟ್ಟವರು ಯಾರು, ಲಾಭ ಯಾರದು ಎಂದು ಕೇಳುವ ಹಕ್ಕು ನಮ್ಮ ಸೀಮೆಗೆ ಪುಕ್ಕಟೆ ಬಂದದ್ದಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆ ಬಂತು, ಆದ್ದರಿಂದ ಭೂಮಿಯ ಬೆಲೆ ಏರಿತು, ಆದ್ದರಿಂದ ರೈತ ಬೆಟರ್‌ಮೆಂಟ್ ಲೆವಿ ಕಟ್ಟಬೇಕು ಎಂದಿತು ಸರ್ಕಾರ. ಆ ಕರದ ಹಿಂದಿನ ನ್ಯಾಯ ಸುಳ್ಳಲ್ಲ. ಹತ್ತೂ ಜನರ ದುಡ್ಡಿನಿಂದ ಒಬ್ಬನಿಗೆ ಲಾಭವಾದರೆ ಅವನು ಅದರಲ್ಲೊಂದು ಪಾಲನ್ನು ಹತ್ತೂ ಜನರಿಗೆ ತಿರುಗಿ ಕೊಡಬೇಕು. ಆದರೆ ನಮ್ಮಲ್ಲಿ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವ ಮೊದಲೇ ನೋಟಿಸು ಮುಟ್ಟಿತು. ನೀರ ಬರಲಾರದ ಕಾಲುವಿಗೆ ಕರ ಯಾಕ ಕೊಡೂಣು ಎಂದು ಜನ ಕೇಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಆ ಬಂಡಾಯದ ಒಡಲಿಂದ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ವರ್ಷಕ್ಕೊಮ್ಮೆ ಆ ದಿನ ನರಗುಂದದ ವೀರಗಲ್ಲಿಗೆ ಇವತ್ತಿಗೂ ಮಾಲೆ ಬೀಳುತ್ತದೆ.

ಬರೀ ಮಾಲೆ ಸಾಲದು. ಲಾಭ ಕಾಣದವನ ಮೇಲೆ ಹೇರಿದ ಆ ನಿಯಮವನ್ನು ಲಾಭ ಉಂಡವನ ಮೇಲೆ ಹಾಕಿ ಎಂದು ಕೇಳುವ ಕಾಲ ಬಂದಿದೆ. ಆಕಾಶದ ಟಿಕೆಟ್ಟಿಗೆ ಬೆಟರ್‌ಮೆಂಟ್ ಲೆವಿ ಹಾಕಿ!

ಅವರ ದುಡ್ಡು, ಅವರ ಶೋಕಿ, ನಿಮಗೇನು ಎನ್ನುವವರಿದ್ದಾರೆ. ದುಡ್ಡು ಅವರದಿರಬಹುದು, ದಾರಿ ಅವರದಲ್ಲ. ರಾಕೆಟ್ಟಿನ ವಿದ್ಯೆ ಯಾವ ದೇಶದಲ್ಲೂ ಒಬ್ಬ ವ್ಯಾಪಾರಿಯ ಗಂಟಿನಿಂದ ಹುಟ್ಟಲಿಲ್ಲ. ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳತನದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಅದು ಹಾರಿತು. ಅದೇ ವರ್ಷ ಆಗಸ್ಟ್‌ನಿಂದ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿದರು. ಅದರಲ್ಲಿ ನಮ್ಮ ಉತ್ತರ ಕರ್ನಾಟಕದ ವಿಜಯಪುರ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬಡದೇಶಕ್ಕೆ ರಾಕೆಟ್ ಯಾಕೆ ಎಂಬ ಪ್ರಶ್ನೆಗೆ ವಿಕ್ರಮ್ ಸಾರಾಭಾಯಿ ಕೊಟ್ಟಿದ್ದ ಉತ್ತರವೂ ಅದೇ ಆಗಿತ್ತು: ಮನುಷ್ಯರನ್ನು ಮೇಲೆ ಕಳಿಸುವ ಪೈಪೋಟಿ ನಮಗೆ ಬೇಡ, ಕೆಳಗಿನ ಜನರ ಕಷ್ಟಕ್ಕೆ ಈ ವಿದ್ಯೆ ಒದಗಲಿ. ಆ ಮಾತನ್ನು ನಂಬಿ ಎಣ್ಣೆ, ಬೆಂಕಿಪೆಟ್ಟಿಗೆಯ ಮೇಲೆ ತೆರಿಗೆ ಕೊಟ್ಟ ದೇಶ ಇದು.

ಮೊದಲು ವಿಮಾನವೂ ಸಿರಿವಂತರದೇ ಆಗಿತ್ತಲ್ಲ ಎಂದೂ ಕೇಳುತ್ತಾರೆ. ವಿಮಾನ ಒಂದೂರಿಂದ ಇನ್ನೊಂದೂರಿಗೆ ಒಯ್ಯುತ್ತದೆ. ಇಂಥ ಕಿರು ಹಾರಾಟ ಎದ್ದ ಬಯಲಿನ ಹತ್ತಿರವೇ ಬಂದಿಳಿಯುತ್ತದೆ. ಜಾತ್ರೆಯ ತೊಟ್ಟಿಲೂ ಹಾಗೆಯೇ ತಿರುಗಿ ಇಳಿಸುತ್ತದೆ, ಆದರೆ ಅದು ಮೇಲಿನ ಗಾಳಿಗೆ ಮಸಿ ಬಳಿಯುವುದಿಲ್ಲ. ಕೆಲವು ರಾಕೆಟ್ಟುಗಳು ಉಗುಳುವ ಮಸಿ ವಾಯುಮಂಡಲದ ಮೇಲಿನ ಪದರದಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ನೆಲದ ಮೇಲಿನ ಮಸಿಗಿಂತ ಅದು ಸುಮಾರು 500 ಪಟ್ಟು ಹೆಚ್ಚು ಬಿಸಿ ಏರಿಸಬಲ್ಲದು ಎಂದು ಬ್ರಿಟನ್, ಅಮೆರಿಕದ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿದರು. ಬಿಸಿಯೇರಿದ ಗಾಳಿ ಮಳೆಯ ಹದ ಕೆಡಿಸುತ್ತದೆ. ಮಳೆಯ ಹದ ಕೆಟ್ಟರೆ ಏನಾಗುತ್ತದೆ ಎಂದು ನಮಗೆ ಹೊಸದಾಗಿ ಹೇಳಬೇಕಿಲ್ಲ. ಕುಡಿಯುವ ನೀರಿಗೆ ಮಹದಾಯಿ ನದಿಯ ಹನಿ ಕೇಳಿ 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಕೂತವರು ನಾವು. ನಾಲ್ಕೇ ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಕೊಣ್ಣೂರು, ಲಖಮಾಪುರ, ಮೆಣಸಗಿ, ಹೊಳೆಆಲೂರುಗಳಲ್ಲಿ ಮಲಪ್ರಭೆಯ ನೆರೆಗೆ ಮನೆಮಾರು ಬಿಟ್ಟು ಓಡಿದವರೂ ನಾವೇ.

ದುಡ್ಡು, ಮಸಿ ಹಾಗಿರಲಿ, ಜೀವದ ಲೆಕ್ಕ ಯಾರು ಬರೆದಿಟ್ಟಿದ್ದಾರೆ? 2007ರ ಜುಲೈಯಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಬ್ರಾನ್ಸನ್ ಕಂಪನಿಗಾಗಿ ಸಿದ್ಧವಾಗುತ್ತಿದ್ದ ಪ್ರವಾಸಿ ನೌಕೆಯ ಎಂಜಿನ್ನಿನ ಪರೀಕ್ಷೆ ನಡೆಯುವಾಗ ಸ್ಫೋಟವಾಗಿ ಮೂವರು ಕೆಲಸಗಾರರು ಸತ್ತರು. 2014ರ ಅಕ್ಟೋಬರ್‌ನಲ್ಲಿ ಅದೇ ನೌಕೆಯ ಪರೀಕ್ಷಾ ಹಾರಾಟದಲ್ಲಿ ಒಬ್ಬ ಪೈಲಟ್ ಸತ್ತ. ಬ್ರಾನ್ಸನ್ ಕೈಬೀಸಿದ ಚಿತ್ರ ಎಲ್ಲರಿಗೂ ನೆನಪಿದೆ. ಈ ನಾಲ್ವರ ಹೆಸರು ಕೇಳಿದವರೆಷ್ಟು ಮಂದಿ?

ಇದು ಅಮೆರಿಕದ ಮಾತು ಎಂದು ತಳ್ಳಿಹಾಕುವಂತಿಲ್ಲ. ಇಸ್ರೊ ಬಾಹ್ಯಾಕಾಶ ಪ್ರವಾಸದ ಸಾಧ್ಯತೆಯನ್ನು ಪರಿಶೀಲಿಸಿದೆ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿತು. ಟಿಕೆಟ್ಟಿಗೆ ಸುಮಾರು 6 ಕೋಟಿ ರೂಪಾಯಿ ಆದೀತೆಂದು ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಈ 6 ಕೋಟಿಯನ್ನು ನಮ್ಮ ತಕ್ಕಡಿಗೆ ಹಾಕಿ ನೋಡೋಣ. 2025-26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಆ ಬೆಲೆ ಪೂರ್ತಿ ಕೈಗೆ ಬಂತೆಂದೇ ಹಿಡಿದರೂ ಒಂದು ಸೀಟಿಗೆ 6,800 ಕ್ವಿಂಟಲ್ ಮೀರಿ ಹೆಸರು ಬೇಕು. ಎಕರೆಗೆ ಮೂರು ಕ್ವಿಂಟಲ್ ಎಂದರೂ ಎರಡು ಸಾವಿರ ಎಕರೆ ದಾಟುತ್ತದೆ. ಒಂದು ದೊಡ್ಡ ಊರಿನ ಇಡೀ ಮುಂಗಾರು ಪೀಕು ಒಬ್ಬ ಮನುಷ್ಯನ ಕೆಲವು ನಿಮಿಷಗಳ ಹಾರಾಟಕ್ಕೆ ಸಮ.

ಇದನ್ನು ತಡೆಯಿರಿ ಎಂದು ನಾನು ಹೇಳುತ್ತಿಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ಕಂಡವರು ನಾವು. ಗಾಳಿಗೂ ಬೆಲೆಯಿದೆ, ಕಾಗದ ಪತ್ರ ಮೊದಲು ಮಾಡಿಕೊಂಡವನಿಗೆ ಆ ಬೆಲೆ ಸಿಗುತ್ತದೆ ಎಂಬ ಪಾಠ ಅಲ್ಲಿಂದ ಕಲಿತಿದ್ದೇವೆ. ಆದ್ದರಿಂದ ಆಕಾಶದ ಕಾಗದ ಪತ್ರ ಆಗುವ ಹೊತ್ತಿಗೆ ನಾವು ಎದ್ದು ಮಾತಾಡಬೇಕು. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲಿ ಬಂತು, ನೀತಿ 2023ರಲ್ಲಿ ಬಂತು. ಕಾಯ್ದೆಯ ಕಾಗದದಲ್ಲಿ ನಮ್ಮ ಮಾತಿಗೂ ಒಂದು ಸಾಲು ಬೇಕು. ಅಮೆರಿಕದಲ್ಲಿ ಸಂಸದ ಅರ್ಲ್ ಬ್ಲೂಮೆನಾವರ್ 2021ರಲ್ಲೇ ಇಂಥ ತೆರಿಗೆಯ ಮಾತೆತ್ತಿದರು. ಅಲ್ಲಿ ಅದು ಜಾರಿಗೆ ಬರಲಿಲ್ಲ. ಇಲ್ಲಿ ಬರಲಿ.

ನಾವು ಕೇಳುವುದು ಮೂರೇ. ಪ್ರವಾಸಿಗರನ್ನು ಹಾರಿಸಲು ಜನರ ಖಜಾನೆಯಿಂದ ಒಂದು ಪೈಸೆ, ಗೋಮಾಳದಿಂದ ಒಂದು ಗುಂಟೆ ಹೋಗಕೂಡದು. ಪ್ರತಿ ಟಿಕೆಟ್ಟಿನ ಮೇಲೆ ಕರ ಬೀಳಬೇಕು, ಪ್ರತಿ ಹಾರಾಟದ ಹೊಗೆಯ ಲೆಕ್ಕ ಬಹಿರಂಗವಾಗಬೇಕು. ಆ ಕರ ಬೇರೆಲ್ಲೂ ಸೋರದೆ ಮಳೆ, ನೆರೆ, ಬೆಳೆಹಾನಿಯ ಸುದ್ದಿಯನ್ನು ಹಳ್ಳಿಹಳ್ಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಕೆಲಸಕ್ಕೇ ಹೋಗಬೇಕು.

ಗ್ರಾಮಸಭೆಯ ಅಣ್ಣಂದಿರೇ, ಅಕ್ಕಂದಿರೇ, ಬರುವ ಜುಲೈ 21ರೊಳಗೆ ನಿಮ್ಮೂರಲ್ಲಿ ಇದನ್ನು ಠರಾವು ಮಾಡಿ. ನಮ್ಮ ಮೂರು ತಾಲ್ಲೂಕು ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ. ನರಗುಂದ ಬಾಗಲಕೋಟೆಗೆ ಸೇರಿದೆ, ರೋಣ ಮತ್ತು ಗಜೇಂದ್ರಗಡ ಹಾವೇರಿಗೆ. ಅದೂ ಒಳ್ಳೆಯದೇ ಆಯಿತು, ಇಬ್ಬರು ಸಂಸದರನ್ನು ಕೇಳಬಹುದು. ಠರಾವಿನ ಪ್ರತಿ ಇಬ್ಬರಿಗೂ ಕಳಿಸಿ, ಉತ್ತರ ಬರೆದು ಕೊಡಿ ಎಂದು ಕೂತು ಕೇಳಿ.

ಗದಗ, ಧಾರವಾಡ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ತಮ್ಮಂದಿರೇ, ತಂಗಿಯರೇ, ನಾಳೆ ಬೆಂಗಳೂರಿನ ರಾಕೆಟ್ ಕಂಪನಿಗಳಲ್ಲಿ ನಿಮಗೆ ಕೆಲಸ ಸಿಗಲಿ. ಸಿಕ್ಕ ದಿನ ಒಂದು ಪ್ರಶ್ನೆ ಕೇಳಿ: ನಾನು ಮಾಡುವ ಈ ಯಂತ್ರ ನನ್ನಪ್ಪನ ಹೊಲಕ್ಕೆ ಏನು ಹೇಳುತ್ತದೆ? ಇಸ್ರೊದ ಹಿರಿಯರೇ, ನಿಮ್ಮನ್ನು ನಾವು ದೇವರ ಜಗಲಿಯ ಪಕ್ಕ ಕೂರಿಸಿದ್ದೇವೆ. ಚಂದ್ರಯಾನ ಇಳಿದ ರಾತ್ರಿ ಊರೂರಲ್ಲಿ ಪಟಾಕಿ ಹೊಡೆದಿದ್ದೇವೆ. ಟಿಕೆಟ್ ಕೌಂಟರಿನಲ್ಲಿ ನಿಮ್ಮನ್ನು ನೋಡುವ ಆಸೆ ನಮಗಿಲ್ಲ.

ಮುಂದೊಂದು ಮಘಾ ಮಳೆಯ ದಿನ ಯಾರೋ ಆರು ಕೋಟಿ ಕೊಟ್ಟವರು ಮೇಲಿನ ಕಿಟಕಿಯಿಂದ ಕೆಳಗೆ ನೋಡಿಯಾರು. ಬಯಲುಸೀಮೆಯ ಮೇಲೆ ಬೆಳ್ಳಗೆ ಮೋಡ ಹಾಸಿರುತ್ತದೆ. ಎಷ್ಟು ಚೆಂದ ಎಂದು ಫೋಟೋ ತೆಗೆದಾರು. ತೆಗೆಯಲಿ. ಆದರೆ ಆ ಮೋಡ ರಾಶಿಗೆ ಬಂದ ಹೆಸರಿನ ಮೇಲೆ ಬಂದು ನಿಲ್ಲುತ್ತದೆ, ಇವತ್ತೇ ಕಿತ್ತು ಒಳಗೆ ಹಾಕು ಎಂಬ ಸುದ್ದಿ ರೋಣದ ರೈತನಿಗೆ ಅದರ ಹಿಂದಿನ ದಿನವೇ ಮುಟ್ಟಿರಬೇಕು. ಅಷ್ಟು ಮಾಡಿ ಹಾರಿ.