ಸಭೆ ಮುಗಿಯಿತು, ತೀರ್ಮಾನವಾಗಲಿಲ್ಲ

ವಿರೋಧಿಸುವುದು ಬೇರೆ, ಸಭೆಯೇ ಮುಂದೆ ಸಾಗದಂತೆ ತಡೆಯುವುದು ಬೇರೆ. ಮೊದಲನೆಯದು ಹಕ್ಕು, ಎರಡನೆಯದು ಇತರರ ಹಕ್ಕಿನ ಅಪಹರಣ. ಈ ವ್ಯತ್ಯಾಸವನ್ನು ಅರಿಯದ ಕಾರಣದಿಂದಲೇ ನಮ್ಮ ಎಷ್ಟೋ ಜಮಾಅತ್ ಸಮಿತಿಗಳು, ನಿವಾಸಿಗಳ ಸಂಘಗಳು, ಶಾಲಾ ಆಡಳಿತ ಮಂಡಳಿಗಳು ಗಂಟೆಗಟ್ಟಲೆ ಸಭೆ ಸೇರಿ ಬರಿಗೈಯಲ್ಲಿ ಏಳುತ್ತವೆ.

ಯಲಹಂಕದ ಪುಟ್ಟೇನಹಳ್ಳಿಯನ್ನೇ ತೆಗೆದುಕೊಳ್ಳಿ. ಯಲಹಂಕ ನಗರಸಭೆಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತು. ಇಲ್ಲಿನ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಬಳಿಕ ಹಲವು ವರ್ಷ ಬೆಂಗಳೂರಿಗೆ ಚುನಾಯಿತ ಕೌನ್ಸಿಲೇ ಇರಲಿಲ್ಲ. ಕೆರೆಯ ರಕ್ಷಣೆಯಿರಲಿ, ಚರಂಡಿಯ ದುರಸ್ತಿಯಿರಲಿ, ಇಂತಹ ಬಡಾವಣೆಗಳ ಜನರು ತಮ್ಮ ಬೇಡಿಕೆಯನ್ನು ಠರಾವಿನ ರೂಪಕ್ಕೆ ತರಬೇಕಾದುದು ತಮ್ಮದೇ ಸಭೆಗಳಲ್ಲಿ. ಆ ಸಭೆಯನ್ನೂ ಮೂರು ಮಂದಿ ವಶಪಡಿಸಿಕೊಂಡರೆ ನಷ್ಟ ಯಾರಿಗೆ? ಗದ್ದಲಕ್ಕೆ ಅಂಜಿ ಮೌನವಾಗುವ ಮಹಿಳೆಯರಿಗೆ, ಯುವಕರಿಗೆ, ಬಾಡಿಗೆದಾರರಿಗೆ. ವಿದ್ಯಾರ್ಥಿವೇತನದ ತೀರ್ಮಾನವನ್ನು ಮುಂದೂಡುತ್ತಾ ಹೋದರೆ ಕಾಲೇಜಿನ ಪ್ರವೇಶ ದಿನಾಂಕ ಕಾಯುವುದಿಲ್ಲ.

ವಿಧಾನಸೌಧವೂ ಈ ರೋಗದಿಂದ ಮುಕ್ತವಲ್ಲ. 2019ರ ಜುಲೈ 18ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ವಿಶ್ವಾಸಮತ ಸೂಚನೆ ಮಂಡಿಸಿದರು. ವಿಪ್ ಕುರಿತು ಸಿದ್ದರಾಮಯ್ಯನವರು ಎತ್ತಿದ ಕ್ರಿಯಾಲೋಪದ ಸುತ್ತಲೇ ಮೊದಲ ದಿನದ ಬಹುಪಾಲು ಕಳೆಯಿತು. ರಾಜ್ಯಪಾಲರು ವಿಧಿಸಿದ ಗಡುವುಗಳೂ ಮೀರಿದವು. ಕಾಲಹರಣವೆಂದು ವಿರೋಧ ಪಕ್ಷ ದೂರಿತು. ಕೊನೆಗೆ ಜುಲೈ 23ರಂದು ಮತ ಎಣಿಸಿದಾಗ ಪರವಾಗಿ 99, ವಿರುದ್ಧ 105. 2020ರ ಡಿಸೆಂಬರ್ 15ರಂದಂತೂ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದಲೇ ಎಳೆದಿಳಿಸಲಾಯಿತು. ನಿಯಮದ ಮೇಲಿನ ಗೌರವ ಹೋದಲ್ಲಿ ತೋಳ್ಬಲವೇ ನಿಯಮವಾಗುತ್ತದೆ.

ಇದಕ್ಕೆ ಪರಿಹಾರವನ್ನು ಜಗತ್ತು ಬಹಳ ಹಿಂದೆಯೇ ಹುಡುಕಿದೆ. 1881ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಐರಿಷ್ ಸದಸ್ಯರು 41 ಗಂಟೆಗಳಿಗೂ ಮಿಗಿಲಾಗಿ ಕಲಾಪವನ್ನು ಎಳೆದಾಗ ಸ್ಪೀಕರ್ ಹೆನ್ರಿ ಬ್ರ್ಯಾಂಡ್ ತಾವೇ ಚರ್ಚೆಯನ್ನು ಮುಕ್ತಾಯಗೊಳಿಸಿದರು. ಮರುವರ್ಷ ಚರ್ಚಾ ಮುಕ್ತಾಯದ ನಿಯಮವೇ ಜಾರಿಗೆ ಬಂತು. ಅಮೆರಿಕದ ಸೇನಾಧಿಕಾರಿ ಹೆನ್ರಿ ರಾಬರ್ಟ್ 1863ರಲ್ಲಿ ಒಂದು ಚರ್ಚಿನ ಸಭೆಯ ಅಧ್ಯಕ್ಷತೆ ವಹಿಸಿ ಅದನ್ನು ನಿಯಂತ್ರಿಸಲಾಗದೆ ಪೇಚಿಗೆ ಸಿಲುಕಿದರು. ಆ ಅನುಭವವೇ 1876ರಲ್ಲಿ ಪ್ರಕಟವಾದ ಅವರ ಸಭಾ ನಿಯಮಗಳ ಕೈಪಿಡಿಗೆ ಪ್ರೇರಣೆಯಾಯಿತು. ಶಾಸನಸಭೆಯ ವಿಧಾನಗಳು ಸಾಮಾನ್ಯ ಸಂಘಗಳಿಗೂ ಒಗ್ಗುತ್ತವೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ನಮ್ಮ ಸಂಘಗಳು ಬೈಲಾದಲ್ಲಿ ಕೆಲವೇ ಅಂಶಗಳನ್ನು ಸೇರಿಸಿಕೊಂಡರೆ ಸಾಕು. ಕಾರ್ಯಸೂಚಿ ಒಂದು ವಾರ ಮೊದಲೇ ಎಲ್ಲರಿಗೂ ತಲುಪಲಿ. ಸೂಚಕರೂ ಅನುಮೋದಕರೂ ಇಲ್ಲದ ವಿಷಯ ಚರ್ಚೆಗೆ ಬರುವುದು ಬೇಡ. ಪ್ರತಿಯೊಬ್ಬರಿಗೆ ಮೂರು ನಿಮಿಷ. ಮಾತನಾಡಬಯಸುವ ಎಲ್ಲರ ಸರದಿ ಮುಗಿಯುವ ತನಕ ಯಾರಿಗೂ ಎರಡನೆಯ ಅವಕಾಶವಿಲ್ಲ. ಕ್ರಿಯಾಲೋಪ ಎತ್ತುವವರು ಯಾವ ನಿಯಮ ಭಂಗವಾಗಿದೆಯೆಂದು ಹೇಳಲಿ. ಅಧ್ಯಕ್ಷರು ಅಲ್ಲಿಯೇ ತೀರ್ಪು ನೀಡಲಿ. ಮಾತು ಸಾಕೆನಿಸಿದಾಗ ಯಾವ ಸದಸ್ಯರೂ ಚರ್ಚಾ ಮುಕ್ತಾಯವನ್ನು ಸೂಚಿಸಬಹುದು. ಆ ಸೂಚನೆಯ ಮೇಲೆ ಚರ್ಚೆಯಿಲ್ಲ, ನೇರ ಮತದಾನ. ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಮೂಲ ವಿಷಯವನ್ನು ಮತಕ್ಕೆ ಹಾಕಬೇಕು. ತೀರ್ಮಾನವನ್ನು ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದು ಓದಬೇಕು. ಅಧ್ಯಕ್ಷರು ಒಂದು ಪಕ್ಷದ ಪರ ವಾದಿಸಬಯಸಿದರೆ ಮೊದಲು ಪೀಠವನ್ನು ಬಿಟ್ಟುಕೊಡಲಿ.

ಆದರೆ ಈ ಅಸ್ತ್ರಕ್ಕೆ ಎರಡು ಅಲಗುಗಳಿವೆ. ಅಡ್ಡಿಯ ನೆಪದಲ್ಲಿ ವಿರೋಧದ ಬಾಯಿಯನ್ನೇ ಮುಚ್ಚಿಸಲೂ ಸಾಧ್ಯ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಮತ ವಿಭಜನೆಗೆ ಆಗ್ರಹಿಸಿದರೂ ಕೃಷಿ ಮಸೂದೆಗಳನ್ನು ಧ್ವನಿಮತದಿಂದ ಅಂಗೀಕರಿಸಲಾಯಿತು. ಆ ಕಾನೂನುಗಳನ್ನು 2021ರಲ್ಲಿ ಹಿಂಪಡೆಯಬೇಕಾಯಿತು. ಕರ್ನಾಟಕದ ಗೋಹತ್ಯೆ ನಿಷೇಧ ಮಸೂದೆಗೂ 2021ರ ಫೆಬ್ರವರಿ 8ರಂದು ಪರಿಷತ್ತಿನ ಒಪ್ಪಿಗೆ ದೊರೆತದ್ದು ಗದ್ದಲದ ನಡುವಣ ಧ್ವನಿಮತದಿಂದಲೇ. ಸಾವಿರಾರು ಕುಟುಂಬಗಳ ಜೀವನೋಪಾಯದ ಪ್ರಶ್ನೆ ಶಾಂತ ಚರ್ಚೆಗೆ ಅರ್ಹವಾಗಿರಲಿಲ್ಲವೇ? ಆದ್ದರಿಂದಲೇ ಚರ್ಚಾ ಮುಕ್ತಾಯಕ್ಕೆ ಬರಿಯ ಬಹುಮತ ಸಾಲದು. ಅಲ್ಪಸಂಖ್ಯಾತರಾಗಿ ನಾವು ಶಾಸನಸಭೆಗಳಿಂದ ನಿರೀಕ್ಷಿಸುವ ನ್ಯಾಯವನ್ನು ನಮ್ಮ ಸಮಿತಿಯಲ್ಲಿರುವ ಅಲ್ಪಮತಕ್ಕೂ ನೀಡಬೇಕಾಗುತ್ತದೆ.

ಸಮಾಲೋಚನೆ ನಮಗೆ ಹೊಸ ಪಾಠವೇನಲ್ಲ. ಉಹುದ್ ಯುದ್ಧಕ್ಕೆ ಮುನ್ನ ಮದೀನಾದೊಳಗೇ ಇದ್ದು ಎದುರಿಸುವುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಆದರೂ ಹೊರಟು ಎದುರಿಸೋಣವೆಂಬ ಬಹುಜನರ ಅಭಿಪ್ರಾಯಕ್ಕೆ ಅವರು ಮನ್ನಣೆಯಿತ್ತರು. ಯುದ್ಧಕವಚ ಧರಿಸಿ ಬಂದ ಮೇಲೆ ಕೆಲವರು ಪಶ್ಚಾತ್ತಾಪಪಟ್ಟು ಮರುಚಿಂತನೆಗೆ ಮುಂದಾದಾಗ ಅವರು ತೀರ್ಮಾನವನ್ನು ಬದಲಿಸಲಿಲ್ಲ. ಎಲ್ಲರ ಮಾತನ್ನು ಆಲಿಸಬೇಕು. ತೀರ್ಮಾನವಾದ ಬಳಿಕ ಅದರ ಮೇಲೆ ನಿಲ್ಲಬೇಕು. ಇವೆರಡನ್ನೂ ಮರೆತವರು ಮಸೀದಿಯ ಸಭೆಯನ್ನು ಮೇಜು ಗುದ್ದುವ ಸ್ಪರ್ಧೆಯನ್ನಾಗಿಸುವುದು ವಿಪರ್ಯಾಸವಲ್ಲವೇ?

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸಭಾ ನಿಯಮಗಳ ಅಂಗೀಕಾರವೇ ಮೊದಲ ವಿಷಯವಾಗಲಿ. ಜಗಳ ಹುಟ್ಟಿದ ಮೇಲೆ ತರುವ ನಿಯಮವು ಒಂದು ಪಕ್ಷದ ಆಯುಧದಂತೆ ಕಾಣುತ್ತದೆ. ಶಾಂತವಾಗಿರುವಾಗ ಒಪ್ಪಿಕೊಂಡ ನಿಯಮವನ್ನು ಎಲ್ಲರೂ ತಮ್ಮದೆಂದು ಪಾಲಿಸುತ್ತಾರೆ.